ಗಾಲ್ಫ್: ಇಂಪ್ಯಾಕ್ಟ್ (ಕ್ಲಬ್ ಚೆಂಡಿಗೆ ತಾಗುವ) ಹೊತ್ತಿಗೆ ಮೈ ಎದ್ದುಬಿಡುತ್ತದೆ, ಪೋಶ್ಚರ್ ಹಿಡಿದಿಡುವುದು ಹೇಗೆ?

ಮೂರು ಪುಟ್ ರಾಯ
ಎಲ್ಲರಿಗೂ ನಮಸ್ಕಾರ. ನಾನು ಬಲಗೈ ಆಟಗಾರ, ಹ್ಯಾಂಡಿಕ್ಯಾಪ್ 19ರ ಆಸುಪಾಸು, ಅಂದರೆ ಸಾಧಾರಣ ಹವ್ಯಾಸಿ. ಚೆಂಡಿನ ಮುಂದೆ ನಿಲ್ಲುವಾಗ ಎಲ್ಲಾ ಸರಿ ಇರುತ್ತದೆ. ಬ್ಯಾಕ್‌ಸ್ವಿಂಗ್ ತುದಿಯವರೆಗೂ ಪರವಾಗಿಲ್ಲ. ಅಲ್ಲಿಂದ ಕೆಳಗೆ ಬರುವಾಗ ಏನಾಗುತ್ತದೋ, ಕ್ಲಬ್ ಚೆಂಡಿಗೆ ತಾಗುವ ಹೊತ್ತಿಗೆ ನೆಟ್ಟಗೆ ನಿಂತುಬಿಟ್ಟಿರುತ್ತೇನೆ. ಒಂದು ಹೊಡೆತ ಚೆಂಡಿನ ನೆತ್ತಿಗೆ ತಾಗಿ ನೆಲದ ಮೇಲೇ ಓಡುತ್ತದೆ. ಇನ್ನೊಂದು ಕ್ಲಬ್ಬಿನ ಹೀಲ್‌ಗೆ (ಕೋಲಿನ ಪಕ್ಕದ ಭಾಗಕ್ಕೆ) ತಾಗಿ ಬಲಕ್ಕೆ ಹೋಗುತ್ತದೆ. ಅದಕ್ಕೆ ಹೆದರಿ ಕೈ ತಿರುಗಿಸಿದರೆ ಎಡಕ್ಕೆ ಬಾಗುವ ಹುಕ್.

ಜೊತೆಗೆ ಆಡುವವರೆಲ್ಲ ಹೇಳುವುದು ಒಂದೇ ಮಾತು, "ತಲೆ ಎತ್ತಬೇಡ". ತಲೆಯನ್ನು ಒತ್ತಿ ಹಿಡಿದರೆ ಇನ್ನೂ ಕೆಡುತ್ತದೆ. ಕಲಿಸುವವರೊಬ್ಬರು "ಬೆನ್ನಿನ ಬಾಗು ಒಂದು ಡಿಗ್ರಿಯೂ ಬದಲಾಗಬಾರದು" ಎಂದರು. ಹೇಗೆ ಅಂತ ಮಾತ್ರ ಹೇಳಲಿಲ್ಲ. ಇದು ಅಭ್ಯಾಸದ ಕೊರತೆಯಾ, ಮೈಯ ಸಮಸ್ಯೆಯಾ, ಕ್ಲಬ್ಬಿನದಾ? ವಿಚಿತ್ರ ಏನೆಂದರೆ ರೇಂಜಿನಲ್ಲಿ (ಅಭ್ಯಾಸದ ಮೈದಾನದಲ್ಲಿ) ಇಷ್ಟು ಕೆಡುವುದಿಲ್ಲ.

ಬೋಗಿ ಭಕ್ತ
ತಲೆ ಎತ್ತಬೇಡಿ. ಅಷ್ಟೇ. ನೂರು ವರ್ಷದಿಂದ ಎಲ್ಲರೂ ಸುಮ್ನೆ ಹೇಳುತ್ತಿಲ್ಲ.

ಹಳೇ ಪರ್ಸಿಮನ್
ಭಕ್ತರೇ, ಈ ಸಲಹೆಯಿಂದ ಕೆಟ್ಟ ಸ್ವಿಂಗುಗಳೇ ಜಾಸ್ತಿ. ಡೇವಿಡ್ ಡುವಾಲ್ ಮತ್ತು ಅನಿಕಾ ಸೋರೆನ್‌ಸ್ಟಾಮ್ ಆಡಿದ್ದನ್ನು ನೋಡಿದ್ದೀರಾ? ಇಬ್ಬರ ಕಣ್ಣೂ ಕ್ಲಬ್ ಚೆಂಡಿಗೆ ತಾಗುವ ಹೊತ್ತಿಗಾಗಲೇ ಮುಂದಕ್ಕೆ ತಿರುಗಿರುತ್ತಿತ್ತು. ಡುವಾಲ್ 1999ರಲ್ಲಿ ಒಂದು ಸುತ್ತನ್ನು (18 ಹೋಲ್) ಬರೀ 59 ಹೊಡೆತಗಳಲ್ಲಿ ಮುಗಿಸಿದರು. ಅನಿಕಾ 2001ರಲ್ಲಿ 59 ಹೊಡೆದರು. ಇಬ್ಬರೂ ನಂಬರ್ ಒನ್ ಆಗಿದ್ದವರು. ತಲೆ ತಿರುಗಿದರೆ ಆಟ ಕೆಡುತ್ತದೆ ಅನ್ನುವುದಾದರೆ ಇವರಿಗೆ ಟ್ರೋಫಿ ಇಡಲು ಕಪಾಟೇ ಬೇಕಾಗುತ್ತಿರಲಿಲ್ಲ.

ಚೆಂಡಿನ ನೆತ್ತಿಗೆ ಹೊಡೆದಾಗ ಎಲ್ಲರ ಕಣ್ಣಿಗೂ ಕಾಣುವುದು ತಲೆ ಎದ್ದದ್ದು. ಆದರೆ ತಲೆ ತಾನಾಗಿ ಏಳುವುದಿಲ್ಲ. ಕೆಳಗಿನಿಂದ ಸೊಂಟ ಮುಂದಕ್ಕೆ ತಳ್ಳಿರುತ್ತದೆ, ಅದರ ಹಿಂದೆ ಎದೆ ಏಳುತ್ತದೆ, ತಲೆ ಕೊನೆಯದು. ನೀವು ಕೊನೆಯದನ್ನು ಹಿಡಿದು ಎಳೆಯುತ್ತಿದ್ದೀರಿ.

ಬೋಗಿ ಭಕ್ತ
ಅವರು ಅವರು, ನಾವು ನಾವು. ಜ್ಯಾಕ್ ನಿಕ್ಲಸ್ ಹುಡುಗನಾಗಿದ್ದಾಗ ಗುರು ಜ್ಯಾಕ್ ಗ್ರೌಟ್ ತಮ್ಮ ಸಹಾಯಕನಿಂದ ಅವನ ತಲೆಗೂದಲು ಹಿಡಿಸಿ ನಿಲ್ಲಿಸುತ್ತಿದ್ದರಂತೆ. ತಲೆ ಅಲುಗಿದರೆ ಕೂದಲು ಎಳೆಯುತ್ತಿತ್ತು. 18 ಮೇಜರ್ (ಅತಿ ದೊಡ್ಡ ಟೂರ್ನಿ) ಗೆದ್ದವರ ಕಥೆ ಇದು. ಏನಂತೀರಿ?

ಹಳೇ ಪರ್ಸಿಮನ್
ಗ್ರೌಟ್ ಕಲಿಸಿದ್ದು ತಲೆ ಜಾಗ ಬಿಡದಂತೆ ತಿರುಗುವುದನ್ನು. ಗಲ್ಲವನ್ನು ಎದೆಗೆ ಒತ್ತಿಕೊಂಡು ನಿಲ್ಲುವುದನ್ನಲ್ಲ. ನಿಕ್ಲಸ್ ಸ್ವಿಂಗ್ ಶುರು ಮಾಡುವ ಮುಂಚೆ ಗಲ್ಲವನ್ನು ಬಲಕ್ಕೆ ಸ್ವಲ್ಪ ತಿರುಗಿಸಿಕೊಳ್ಳುತ್ತಿದ್ದರು, ಎಡಭುಜಕ್ಕೆ ಜಾಗ ಸಿಗಲಿ ಅಂತ. ಗಲ್ಲ ಎದೆಗೆ ಅಂಟಿದ್ದರೆ ಭುಜ ಎಲ್ಲಿ ಹೋಗಬೇಕು? ಗಲ್ಲಕ್ಕೆ ಬಡಿದು ತಲೆಯನ್ನು ಮೇಲಕ್ಕೆ ಎತ್ತುತ್ತದೆ. ತಲೆ ಎತ್ತಬಾರದು ಅಂತ ಹೋಗಿ ತಲೆಯನ್ನೇ ಎತ್ತಿಸಿದ ಹಾಗಾಯಿತು.

ಬೆನ್ನುಮೂಳೆ
ಫಿಸಿಯೋಥೆರಪಿ ನನ್ನ ಕೆಲಸ, ಗಾಲ್ಫ್ ಹುಚ್ಚು. ರಾಯರು ಹೇಳುತ್ತಿರುವುದಕ್ಕೆ ಹೆಸರಿದೆ, ಅರ್ಲಿ ಎಕ್ಸ್‌ಟೆನ್ಷನ್. ಡೌನ್‌ಸ್ವಿಂಗ್‌ನಲ್ಲಿ ಸೊಂಟ ತಿರುಗಬೇಕಾದ ಜಾಗದಲ್ಲಿ ಚೆಂಡಿನ ಕಡೆಗೆ ನುಗ್ಗುತ್ತದೆ. ಸೊಂಟ ಮುಂದೆ ಬಂದರೆ ಕೈಗಳಿಗೆ ದಾರಿ ಇರುವುದಿಲ್ಲ. ಅದಕ್ಕೆ ಎದೆ ಎದ್ದು ಜಾಗ ಮಾಡಿಕೊಡುತ್ತದೆ. ನಿಮ್ಮ ಮೈ ಪೆದ್ದು ಅಲ್ಲ, ಜಾಣತನದಿಂದಲೇ ಎದ್ದು ನಿಲ್ಲುತ್ತಿದೆ.

ಅಳತೆಯಲ್ಲಿ ನೋಡಿ. ಗಾಲ್ಫ್ ಚೆಂಡಿನ ಅಡ್ಡಳತೆ ಕನಿಷ್ಠ 42.67 ಮಿ.ಮೀ. ಇರಬೇಕು ಅಂತ ನಿಯಮ. ಅಂದರೆ ಅರ್ಧ ಚೆಂಡು ಬರೀ 2 ಸೆಂ.ಮೀ.ನಷ್ಟು. ನೀವು 2 ಸೆಂ.ಮೀ. ಎದ್ದು, ಕೈ ಅದನ್ನು ಸರಿದೂಗಿಸದಿದ್ದರೆ, ಕ್ಲಬ್ಬಿನ ಕೆಳ ಅಂಚು ಚೆಂಡಿನ ನಡುವಿಗೆ ಬಡಿಯುತ್ತದೆ. ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಮುಖದ ನಡುವಿನಿಂದ ಹೊಸೆಲ್‌ಗೆ (ತಲೆಗೆ ಕೋಲು ಸೇರುವ ಜಾಗಕ್ಕೆ) ಮೂರು-ನಾಲ್ಕು ಸೆಂ.ಮೀ. ಇದ್ದರೆ ಹೆಚ್ಚು. ಸೊಂಟದ ಜೊತೆ ಕೈ ಅಷ್ಟು ಮುಂದೆ ಬಂದರೆ ಶ್ಯಾಂಕ್, ಅಂದರೆ ಚೆಂಡು ಹೊಸೆಲ್‌ಗೆ ತಾಗಿ ಬಲಕ್ಕೆ ಸಿಡಿಯುತ್ತದೆ. ಹಾಗಾಗಿ ನೆತ್ತಿಗೆ ತಾಗುವುದು, ಬಲಕ್ಕೆ ಹೋಗುವುದು, ಹುಕ್ ಮೂರೂ ಒಂದೇ ಕಡೆಯಿಂದ ಬರುತ್ತಿವೆ. ಮೂರಕ್ಕೂ ಬೇರೆ ಬೇರೆ ಔಷಧಿ ಹುಡುಕಬೇಡಿ.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ವಿಡಿಯೋ ಬೇಕು. ನಿಲ್ಲುವ ರೀತಿ ಹೇಗಿದೆ ಅಂತ ಮೊದಲು ಹೇಳಿ.

ಎಡಗೈಯವಳು
ಒಂದು ವಿನಂತಿ. ಎಡಭುಜ, ಬಲಮಂಡಿ ಅನ್ನುವ ಬದಲು ಮುಂದಿನ ಭುಜ, ಹಿಂದಿನ ಮಂಡಿ ಅನ್ನಿ. ಪ್ರತಿ ಸಾಲನ್ನೂ ತಿರುಗಿಸಿ ಓದಿ ಕತ್ತು ನೋಯುತ್ತದೆ. ಇದೂ ಪೋಶ್ಚರ್ ಸಮಸ್ಯೆಯೇ ಅಲ್ವಾ?

ಏಳನೇ ಐರನ್
ನಿಲ್ಲುವುದರಿಂದಲೇ ಶುರು ಮಾಡೋಣ. ಬಹಳಷ್ಟು ಜನ ಸೊಂಟದ ಮೇಲೆ ಬಾಗುತ್ತಾರೆ. ಬಾಗಬೇಕಾದ್ದು ತೊಡೆ ಮತ್ತು ಹೊಟ್ಟೆ ಸೇರುವ ಸಂದಿನಿಂದ. ಎರಡೂ ಕೈಯಲ್ಲಿ ಸಾಮಾನು ಹಿಡಿದವರು ಕಾರಿನ ಬಾಗಿಲನ್ನು ಹಿಂಭಾಗದಿಂದ ತಳ್ಳಿ ಮುಚ್ಚುತ್ತಾರಲ್ಲ, ಅದೇ ಚಲನೆ. ಹಿಂಭಾಗ ಹಿಂದೆ ಹೋಗುತ್ತದೆ, ಎದೆ ತಾನಾಗಿ ಮುಂದೆ ಬಾಗುತ್ತದೆ. ಬೆನ್ನು ಗೂನಾಗುವುದಿಲ್ಲ.

ಪರೀಕ್ಷೆ ಸುಲಭ. ಕ್ಲಬ್ಬನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಹೆಗಲೆಲುಬುಗಳ ನಡು, ಬೆನ್ನಿನ ಬುಡ, ಈ ಮೂರು ಕಡೆ ತಾಗುತ್ತಿರಬೇಕು. ಹಾಗೇ ಬಾಗಿ. ಯಾವುದಾದರೂ ಬಿಟ್ಟುಹೋದರೆ ನೀವು ಬೆನ್ನಿನಿಂದ ಬಾಗುತ್ತಿದ್ದೀರಿ.

ಆಮೇಲೆ ಮಂಡಿ ಸ್ವಲ್ಪ ಸಡಿಲ ಬಿಡಿ, ಕೂರಬೇಡಿ. ಕೈ ಭುಜದಿಂದ ಸುಮ್ನೆ ತೂಗಲಿ. ಗ್ರಿಪ್ಪಿನ ತುದಿಗೂ ತೊಡೆಗೂ ನಡುವೆ ಒಂದು ಮುಷ್ಟಿಯಷ್ಟು ಜಾಗ ಇದ್ದರೆ ಐರನ್‌ಗೆ ಸಾಕು, ಡ್ರೈವರ್‌ಗೆ (ದೂರ ಹೊಡೆಯುವ ಉದ್ದದ ಕ್ಲಬ್) ಇನ್ನೂ ಸ್ವಲ್ಪ ಜಾಸ್ತಿ. ಡ್ರೈವರ್ ಸಾಮಾನ್ಯವಾಗಿ 45 ಇಂಚು, ಏಳನೇ ಐರನ್ ಸುಮಾರು 37. ಎರಡಕ್ಕೂ ಒಂದೇ ಬಾಗು ಇರಲು ಸಾಧ್ಯವೇ ಇಲ್ಲ. ವೆಜ್‌ಗೆ (ಹತ್ತಿರದ ಹೊಡೆತದ ಗಿಡ್ಡ ಕ್ಲಬ್) ಜಾಸ್ತಿ ಬಾಗುತ್ತೀರಿ, ಡ್ರೈವರ್‌ಗೆ ಕಡಿಮೆ. ಬಾಗಿನ ಡಿಗ್ರಿ ಅಳೆಯುತ್ತಾ ಕೂರಬೇಡಿ, ಕೈ ಎಲ್ಲಿ ತೂಗುತ್ತದೆ ನೋಡಿಕೊಳ್ಳಿ.

ಬೆನ್ನುಮೂಳೆ
ಸೇರಿಸುತ್ತೇನೆ. ಕೆಟ್ಟ ನಿಲುವಿನಲ್ಲಿ ಎರಡು ಬಗೆ. ಮೇಲ್ಬೆನ್ನು ಗೂನಾಗಿ ಭುಜ ಮುಂದೆ ಬಿದ್ದರೆ ಸಿ ಆಕಾರ. ಕೆಳಬೆನ್ನು ಅತಿಯಾಗಿ ಒಳಕ್ಕೆ ಬಾಗಿ ಹಿಂಭಾಗ ಮೇಲೆದ್ದರೆ ಎಸ್ ಆಕಾರ. ಸಿ ಇರುವವರು ಸರಿಯಾಗಿ ತಿರುಗಲಾರರು. ಎಸ್ ಇರುವವರು ತಿರುಗುತ್ತಾರೆ, ಆದರೆ ಕೆಳಬೆನ್ನಿಗೆ ಹೊರೆ ಬೀಳುತ್ತದೆ, ಹೊಟ್ಟೆಯ ಸ್ನಾಯು ಕೆಲಸ ಮಾಡುವುದಿಲ್ಲ. 'ಬೆನ್ನು ನೆಟ್ಟಗೆ, ಹಿಂಭಾಗ ಹೊರಗೆ' ಅನ್ನುವ ಸಲಹೆ ಕೇಳಿ ಎಷ್ಟೋ ಜನ ಸಿ ಬಿಟ್ಟು ಎಸ್‌ಗೆ ಹೋಗುತ್ತಾರೆ. ನೋಡಲು ಆಟಗಾರನ ಹಾಗೆ ಕಾಣುತ್ತದೆ, ಅಷ್ಟೇ.

ಮೂರು ಪುಟ್ ರಾಯ
ಇಷ್ಟು ಬೇಗ ಇಷ್ಟು ಉತ್ತರ! ವಿಡಿಯೋ ತೆಗೆದೆ. ಫೋನನ್ನು ಬ್ಯಾಗಿಗೆ ಒರಗಿಸಿಟ್ಟು ಹಿಂದಿನಿಂದ. ನಿಲುವು ಎಸ್ ಕಡೆಗೇ ಇದೆ ಅನ್ನಿಸುತ್ತದೆ. ಆಶ್ಚರ್ಯ ಏನೆಂದರೆ ವಿಡಿಯೋದಲ್ಲಿ ನಾನು ಅಷ್ಟೊಂದು ಎದ್ದಂತೆ ಕಾಣುತ್ತಿಲ್ಲ.

ಕ್ಯಾಮೆರಾ ಕಣ್ಣು
ಬ್ಯಾಗಿಗೆ ಒರಗಿಸಿದರೆ ಫೋನ್ ನೆಲಕ್ಕೆ ಹತ್ತಿರ ಇರುತ್ತದೆ, ಓರೆಯಾಗಿಯೂ ಇರುತ್ತದೆ. ಆ ವಿಡಿಯೋದಿಂದ ಏನೂ ತಿಳಿಯುವುದಿಲ್ಲ. ಕ್ಯಾಮೆರಾ ನಿಮ್ಮ ಕೈಯ ಎತ್ತರದಲ್ಲಿರಲಿ, ಚೆಂಡು ಹೋಗುವ ದಿಕ್ಕಿಗೆ ಸಮನಾಗಿ, ಕೈಯ ನೇರಕ್ಕೆ. ಸ್ವಲ್ಪ ಒಳಗಿಟ್ಟರೂ ಹೊರಗಿಟ್ಟರೂ ಸ್ವಿಂಗ್ ಬೇರೆಯೇ ಕಾಣುತ್ತದೆ. ಸ್ಲೋ ಮೋಷನ್ 240 ಫ್ರೇಮ್ ಇದ್ದರೆ ಅದನ್ನೇ ಹಾಕಿ. 30 ಫ್ರೇಮಿನಲ್ಲಿ ಇಂಪ್ಯಾಕ್ಟ್ ಎರಡು ಫ್ರೇಮಿನ ನಡುವೆ ಕಳೆದುಹೋಗುತ್ತದೆ.

ನಿಂತಾಗ ಹಿಂಭಾಗಕ್ಕೆ ತಾಗುವಂತೆ ಪರದೆ ಮೇಲೆ ಒಂದು ನೆಟ್ಟನೆ ಗೆರೆ ಎಳೆಯಿರಿ. ಬ್ಯಾಕ್‌ಸ್ವಿಂಗ್‌ನಲ್ಲಿ ಹಿಂದಿನ ಸೊಂಟ ಆ ಗೆರೆಯ ಮೇಲಿರಬೇಕು. ಇಂಪ್ಯಾಕ್ಟ್‌ನಲ್ಲಿ ಮುಂದಿನ ಸೊಂಟ ಅದೇ ಗೆರೆ ಮೇಲೆ ಅಥವಾ ಅದಕ್ಕಿಂತ ಹಿಂದೆ ಇರಬೇಕು. ಗೆರೆಗೂ ನಿಮಗೂ ನಡುವೆ ಬೆಳಕು ಕಂಡರೆ ಕಥೆ ಮುಗಿಯಿತು.

ಎಡಗೈಯವಳು
'ಹಿಂದಿನ ಸೊಂಟ, ಮುಂದಿನ ಸೊಂಟ' ಅಂತ ಬರೆದಿದ್ದಕ್ಕೆ ಕ್ಯಾಮೆರಾ ಕಣ್ಣಿಗೆ ಧನ್ಯವಾದ. ಉಳಿದವರು ಗಮನಿಸಿ.

ನೆಲ ತಳ್ಳು
ಎಲ್ಲರೂ ಏಳುವುದೇ ಪಾಪ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಲೆಕ್ಸಿ ಥಾಂಪ್ಸನ್ ಡ್ರೈವ್ ಹೊಡೆಯುವುದನ್ನು ನೋಡಿ, ಕಾಲು ನೆಲ ಬಿಡುತ್ತದೆ. ಜಸ್ಟಿನ್ ಥಾಮಸ್ ಬೆರಳ ತುದಿಯ ಮೇಲೆ ನಿಂತಿರುತ್ತಾರೆ. ಸ್ಕಾಟಿ ಶೆಫ್ಲರ್ ಪಾದ ಜಾರಿ ಎಲ್ಲೋ ಹೋಗಿರುತ್ತದೆ, 2022 ಮತ್ತು 2024ರ ಮಾಸ್ಟರ್ಸ್ ಟೂರ್ನಿ ಎರಡೂ ಅವರದ್ದೇ. ನೆಲವನ್ನು ತಳ್ಳಿದರೆ ತಾನೇ ವೇಗ ಬರುವುದು? ತಳ್ಳಿದರೆ ಮೈ ಏಳುತ್ತದೆ. ಬೆನ್ನಿನ ಬಾಗು ಒಂದು ಡಿಗ್ರಿಯೂ ಬದಲಾಗಬಾರದು ಅನ್ನುವುದು ಫೋಟೋ ನೋಡಿ ಹುಟ್ಟಿದ ಮಾತು.

ಇನ್ನೊಂದು ವಿಷಯ. ಡ್ರೈವರ್ ತಲೆ ಸುಮಾರು 200 ಗ್ರಾಂ. ಗಂಟೆಗೆ 90 ಮೈಲಿ ವೇಗದಲ್ಲಿ ಕೆಳಗೆ ಬಂದಾಗ ಅದು ನಿಮ್ಮ ಕೈಯನ್ನು ಹೊರಕ್ಕೆ ಎಳೆಯುವುದು 20 ಕಿಲೋ ತೂಕಕ್ಕೆ ಸಮ, ಅಥವಾ ಅದಕ್ಕೂ ಜಾಸ್ತಿ. ಅದಕ್ಕೆ ಎದುರಾಗಿ ಮೈ ಮೇಲಕ್ಕೆ, ಹಿಂದಕ್ಕೆ ಎಳೆಯಲೇಬೇಕು. ಸುಮ್ನೆ ಬಾಗಿಕೊಂಡೇ ಇದ್ದರೆ ಮುಗ್ಗರಿಸುತ್ತೀರಿ.

ಹಳೇ ಪರ್ಸಿಮನ್
ಕಾಲು ನೆಟ್ಟಗಾಗುವುದು ಬೇರೆ, ಸೊಂಟ ಮುಂದೆ ನುಗ್ಗುವುದು ಬೇರೆ. ಥಾಮಸ್ ಹಿಮ್ಮಡಿ ಎತ್ತಿದಾಗ ಎದೆ ಎತ್ತ ನೋಡುತ್ತಿರುತ್ತದೆ? ಇನ್ನೂ ನೆಲದ ಕಡೆಗೇ.

ನೆಲ ತಳ್ಳು
ನಾನೂ ಅದನ್ನೇ ಹೇಳುತ್ತಿರುವುದು. ಆದರೆ ರಾಯರಿಗೆ ಹೇಳಿಕೊಟ್ಟವರು ಒಂದು ಡಿಗ್ರಿಯೂ ಬದಲಾಗಬಾರದು ಅಂದಿದ್ದಾರೆ. ಅದನ್ನು ಪಾಲಿಸಲು ಹೋದರೆ ಮನುಷ್ಯ ಮರಗಟ್ಟುತ್ತಾನೆ.

ಬೆನ್ನುಮೂಳೆ
ಇಬ್ಬರೂ ಹೇಳುತ್ತಿರುವುದು ಸರಿ, ಜಗಳ ಯಾಕೆ ಅಂತ ಗೊತ್ತಾಗುತ್ತಿಲ್ಲ. ಹಿಂದಿನಿಂದ ತೆಗೆದ ವಿಡಿಯೋದಲ್ಲಿ ಬಾಗು ಒಂದೇ ಥರ ಇದ್ದಂತೆ ಕಾಣುತ್ತದೆ. ಒಳಗೆ ಬೆನ್ನು ಪೂರ್ತಿ ಬದಲಾಗುತ್ತಿರುತ್ತದೆ. ನಿಂತಾಗ ಮುಂದಕ್ಕೆ ಬಾಗಿರುತ್ತೀರಿ. ಬ್ಯಾಕ್‌ಸ್ವಿಂಗ್‌ನಲ್ಲಿ ಭುಜ 90 ಡಿಗ್ರಿ ತಿರುಗಿದಾಗ ಆ ಮುಂಬಾಗು ಪಕ್ಕದ ಬಾಗು ಆಗಿರುತ್ತದೆ, ಮುಂದಿನ ಭುಜ ಕೆಳಗೆ. ಇಂಪ್ಯಾಕ್ಟ್‌ನಲ್ಲಿ ಇನ್ನೊಂದು ಪಕ್ಕಕ್ಕೆ ಬಾಗಿರುತ್ತೀರಿ, ಹಿಂದಿನ ಭುಜ ಕೆಳಗೆ. ಪಕ್ಕಕ್ಕೆ ಬಾಗದೆ ಬರೀ ತಿರುಗಿದರೆ ಭುಜ ನೆಲಕ್ಕೆ ಸಮನಾಗಿ ಸುತ್ತುತ್ತದೆ, ಅಲ್ಲೇ ಬಾಗು ಹೋಯಿತು.

ಅಂದರೆ ಪೋಶ್ಚರ್ ಹಿಡಿದಿಡುವುದು ಅಂದರೆ ಗಟ್ಟಿಯಾಗಿ ಬಿಗಿದು ನಿಲ್ಲುವುದಲ್ಲ. ಒಂದು ಬಾಗಿನಿಂದ ಇನ್ನೊಂದು ಬಾಗಿಗೆ ಸರಿಯಾದ ಹೊತ್ತಿಗೆ ಹೋಗುವುದು. ಬಿಗಿದು ನಿಂತವರು ತಿರುಗಲು ಜಾಗ ಸಿಗದೆ ಕೊನೆಗೆ ಎದ್ದೇ ಏಳುತ್ತಾರೆ. ರಾಯರಿಗೆ ತಲೆ ಒತ್ತಿ ಹಿಡಿದಾಗ ಇನ್ನೂ ಕೆಡುವುದು ಅದಕ್ಕೇ.

ಬೋಗಿ ಭಕ್ತ
ಇಷ್ಟೆಲ್ಲ ಯೋಚಿಸಿ ಹೊಡೆಯಲು ಹೋದರೆ ಹಿಂದಿನ ನಾಲ್ವರು ಬಂದು ತಲೆ ಮೇಲೆ ಚೆಂಡು ಹಾಕುತ್ತಾರೆ.

ಏಳನೇ ಐರನ್
ಹೊಡೆಯುವಾಗ ಯಾರು ಯೋಚಿಸು ಅಂದರು?

ಬೆನ್ನುಮೂಳೆ
ರಾಯರೇ, ಮೈಯ ಸಮಸ್ಯೆಯಾ ಅಂತ ಕೇಳಿದ್ದಿರಿ. ಮನೆಯಲ್ಲೇ ಪರೀಕ್ಷಿಸಿ.

ಮೊದಲು ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು ನೋಡಿ. ಮುಟ್ಟಲಾಗದಿದ್ದರೆ ತೊಡೆಯ ಹಿಂಭಾಗ ಬಿಗಿ ಇರಬಹುದು, ಅಥವಾ ತೊಡೆಸಂದಿನಿಂದ ಬಾಗುವುದೇ ಮೈಗೆ ಗೊತ್ತಿಲ್ಲದಿರಬಹುದು. ಆಮೇಲೆ ಕ್ಲಬ್ಬನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಹಿಮ್ಮಡಿ ಎತ್ತದೆ ಪೂರ್ತಿ ಕುಕ್ಕರಗಾಲಲ್ಲಿ ಕೂರಿ. ಗಾಲ್ಫ್ ಆಟಗಾರರ ಮೈ ಚಲನೆ ಪರೀಕ್ಷಿಸುವ ಟೈಟ್ಲಿಸ್ಟ್ ಪರ್ಫಾರ್ಮೆನ್ಸ್ ಇನ್‌ಸ್ಟಿಟ್ಯೂಟ್‌ನವರು ಈ ಕೂರುವ ಪರೀಕ್ಷೆಗೆ ತುಂಬಾ ತೂಕ ಕೊಡುತ್ತಾರೆ. ಇದು ಆಗದವರಲ್ಲಿ ಅರ್ಲಿ ಎಕ್ಸ್‌ಟೆನ್ಷನ್ ಜಾಸ್ತಿ ಕಾಣುತ್ತದೆ. ಕೊನೆಗೆ ಗೋಡೆಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ಪಾದದ ತುದಿ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಆಗದಿದ್ದರೆ ಪಾದದ ಗಂಟು ಬಿಗಿ.

ನೋವು ಬಂದರೆ ನಿಲ್ಲಿಸಿ, ಶೂರತನ ಬೇಡ.

ಮೂರು ಪುಟ್ ರಾಯ
ಬೆರಳು ಮುಟ್ಟಿದೆ. ಮೂರನೆಯದೂ ಆಯಿತು, ಸ್ವಲ್ಪ ಕಷ್ಟಪಟ್ಟು. ಕೈ ಎತ್ತಿ ಕೂರುವುದು ಆಗಲೇ ಇಲ್ಲ. ಅರ್ಧಕ್ಕೆ ಹೋಗುವಷ್ಟರಲ್ಲಿ ಹಿಮ್ಮಡಿ ಎದ್ದು ಮುಂದೆ ಬಿದ್ದೆ. ದಿನವಿಡೀ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ನನ್ನದು.

ಬೆನ್ನುಮೂಳೆ
ಕೈ ಕೆಳಗೆ ಬಿಟ್ಟು ಕೂತರೆ?

ಮೂರು ಪುಟ್ ರಾಯ
ಈಗ ನೋಡಿದೆ. ಕೈ ಮುಂದೆ ಚಾಚಿದರೆ ಕೂರಬಲ್ಲೆ. ಹಿಮ್ಮಡಿ ನೆಲದ ಮೇಲೇ ಇರುತ್ತದೆ.

ಬೆನ್ನುಮೂಳೆ
ಹಾಗಾದರೆ ಪಾದದ ಗಂಟಿಗಿಂತ ಮೇಲ್ಬೆನ್ನು ಮತ್ತು ಭುಜವೇ ಬಿಗಿ ಇರುವ ಸಂಭವ ಜಾಸ್ತಿ. ಮೇಲ್ಬೆನ್ನು ತಿರುಗದಿದ್ದರೆ ಮೈ ಆ ತಿರುಗುವಿಕೆಯನ್ನು ಬೇರೆಲ್ಲಿಂದಲೋ ಕದಿಯುತ್ತದೆ. ಕೆಳಬೆನ್ನು ತಿರುಗಲು ಹೇಳಿ ಮಾಡಿಸಿದ್ದಲ್ಲ, ತಿರುಗುವಿಕೆ ಬರಬೇಕಾದ್ದು ತೊಡೆಸಂದು ಮತ್ತು ಮೇಲ್ಬೆನ್ನಿನಿಂದ. ನಾಲ್ಕು ಕಾಲಲ್ಲಿ ನಿಂತು ಒಂದು ಕೈ ತಲೆಯ ಹಿಂದೆ ಇಟ್ಟುಕೊಂಡು ಮೊಣಕೈಯನ್ನು ಆಕಾಶಕ್ಕೆ ತಿರುಗಿಸುವ ವ್ಯಾಯಾಮ ಶುರು ಮಾಡಿ. ಜೊತೆಗೆ ಹಿಂಭಾಗದ ಸ್ನಾಯು ಗಟ್ಟಿಯಾಗಬೇಕು. ಬೆನ್ನ ಮೇಲೆ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತುವುದು. ಎಸ್ ನಿಲುವಿಗೂ ಅದು ಒಳ್ಳೆಯದು.

ಗುಡ್ಡದ ಲೈ
ರೇಂಜಿನಲ್ಲಿ ಯಾಕೆ ಕೆಡುವುದಿಲ್ಲ ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ. ರೇಂಜ್ ಮ್ಯಾಟ್ ಸಮತಟ್ಟು. ಮ್ಯಾಟಿನ ಮೇಲೆ ಕ್ಲಬ್ ಸ್ವಲ್ಪ ಹಿಂದೆ ಬಿದ್ದರೂ ಜಾರಿ ಚೆಂಡಿಗೆ ತಾಗುತ್ತದೆ, ಅರ್ಧ ತಪ್ಪು ಮುಚ್ಚಿಹೋಗುತ್ತದೆ. ಕೋರ್ಸಿನಲ್ಲಿ ಪೂರ್ತಿ ಸಮ ಜಾಗ ಸಿಗುವುದು ಟೀ (ಹೋಲ್ ಶುರುವಾಗುವ ಜಾಗ) ಮೇಲೆ ಮಾತ್ರ ಅಂದರೂ ತಪ್ಪಿಲ್ಲ.

ಚೆಂಡು ಪಾದಕ್ಕಿಂತ ಕೆಳಗಿದ್ದರೆ ಪೋಶ್ಚರ್ ಹೋಗುವ ಸಂಭವ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಕಾಲು ಅಗಲಿಸಿ, ಮಂಡಿ ಇನ್ನೂ ಬಗ್ಗಿಸಿ, ತೊಡೆಸಂದಿನಿಂದ ಜಾಸ್ತಿ ಬಾಗಿ, ಮುಕ್ಕಾಲು ಸ್ವಿಂಗ್ ಹೊಡೆಯಿರಿ. ಬಲಗೈಯವರಿಗೆ ಚೆಂಡು ಬಲಕ್ಕೆ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಚೆಂಡು ಪಾದಕ್ಕಿಂತ ಮೇಲಿದ್ದರೆ ಉಲ್ಟಾ. ನೆಟ್ಟಗೆ ನಿಂತು, ಗ್ರಿಪ್ಪಿನ ಕೆಳಗೆ ಹಿಡಿದು, ಎಡಕ್ಕೆ ಹೋಗುತ್ತದೆ ಅಂತ ಬಲಕ್ಕೆ ಗುರಿ ಇಡಿ. ಎಡಗೈಯವಳು ಅವರೇ, ಇದೊಂದನ್ನು ನೀವೇ ತಿರುಗಿಸಿಕೊಳ್ಳಬೇಕು, ಕ್ಷಮಿಸಿ.

ಆಯಾಸವನ್ನೂ ಮರೆಯಬೇಡಿ. 18 ಹೋಲ್ ಅಂದರೆ ನಾಲ್ಕು ಗಂಟೆಗೂ ಮೀರಿದ ನಡಿಗೆ. ಬ್ಯಾಗ್ ಹೊತ್ತರೆ ಕೊನೆಯ ಹೋಲ್‌ಗಳಲ್ಲಿ ಹಿಂಭಾಗದ ಸ್ನಾಯು ಸತ್ತುಹೋಗಿರುತ್ತದೆ. ರಾಯರೇ, ನಿಮ್ಮ ನೆತ್ತಿ ಹೊಡೆತಗಳು ಯಾವ ಹೋಲಿನಿಂದ ಶುರುವಾಗುತ್ತವೆ ಅಂತ ಕಾರ್ಡಿನಲ್ಲಿ ಗುರುತು ಹಾಕಿ ನೋಡಿ.

ಮೂರು ಪುಟ್ ರಾಯ
ಮೊದಲನೇ ಹೋಲಿನಿಂದಲೇ. ಆಯಾಸದ ಮೇಲೆ ಹಾಕುವಂತಿಲ್ಲ.

ಗುಡ್ಡದ ಲೈ
😀 ಸರಿ ಬಿಡಿ.

ಶಾಫ್ಟ್ ಶೆಟ್ಟಿ
ಕ್ಲಬ್ಬಿನ ವಿಷಯ ಯಾರೂ ಎತ್ತಲಿಲ್ಲ. ಉದ್ದ ಜನ ಗಿಡ್ಡ ಕ್ಲಬ್ ಹಿಡಿದರೆ ಗೂನು ಬೆನ್ನು ಖಂಡಿತ. ಗಿಡ್ಡ ಜನ ಉದ್ದ ಕ್ಲಬ್ ಹಿಡಿದರೆ ನೆಟ್ಟಗೆ ನಿಲ್ಲಲೇಬೇಕು, ಬೇರೆ ದಾರಿಯಿಲ್ಲ. ಎತ್ತರ ಮಾತ್ರ ನೋಡಿದರೆ ಸಾಲದು, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅನ್ನುವುದು ಮುಖ್ಯ. ಒಂದೇ ಎತ್ತರದ ಇಬ್ಬರ ತೋಳು ಒಂದೇ ಉದ್ದ ಇರುವುದಿಲ್ಲ.

ಲೈ ಆಂಗಲ್, ಅಂದರೆ ಕ್ಲಬ್ಬಿನ ಕೋಲಿಗೂ ನೆಲಕ್ಕೂ ನಡುವಿನ ಕೋನ, ಕೂಡ ನೋಡಿಸಿ. ಏಳನೇ ಐರನ್ ಸಾಮಾನ್ಯವಾಗಿ 62-63 ಡಿಗ್ರಿ. ಅದು ನಿಮಗೆ ಅತಿ ನೆಟ್ಟಗಾದರೆ ಕ್ಲಬ್ಬಿನ ಟೋ (ತಲೆಯ ಹೊರ ತುದಿ) ಎದ್ದು ಚೆಂಡು ಎಡಕ್ಕೆ ಹೋಗುತ್ತದೆ. ಅದನ್ನು ಸರಿಮಾಡಲು ಮೈ ಏನೇನೋ ಕಸರತ್ತು ಮಾಡುತ್ತದೆ. ನಾಲ್ಕು ಡ್ರಿಲ್ ಮಾಡುವ ಮುಂಚೆ ಒಮ್ಮೆ ಅಳತೆ ಮಾಡಿಸಿ.

ಹಳೇ ಪರ್ಸಿಮನ್
ಒಂದು ಮಾತು ಸೇರಿಸಿ. ಇಂಪ್ಯಾಕ್ಟ್‌ನಲ್ಲಿ ಎದ್ದು ಹೊಡೆಯುವವರ ಕೈಯೂ ಮೇಲೆದ್ದಿರುತ್ತದೆ. ಆಗ ಲೈ ಅಳತೆ ಮಾಡಿಸಿದರೆ ಇನ್ನೂ ನೆಟ್ಟನೆಯ ಕ್ಲಬ್ ಬೇಕು ಅಂತ ಬರುತ್ತದೆ. ಅದನ್ನು ಕೊಂಡರೆ ತಪ್ಪಿಗೆ ತಕ್ಕ ಕ್ಲಬ್ ಸಿಕ್ಕಿತು ಅಷ್ಟೇ. ಉದ್ದ ಈಗ ನೋಡಿಸಿ, ಲೈ ಸ್ವಿಂಗ್ ಸುಧಾರಿಸಿದ ಮೇಲೆ.

ಶಾಫ್ಟ್ ಶೆಟ್ಟಿ
ಒಳ್ಳೆಯ ಫಿಟ್ಟರ್ (ಕ್ಲಬ್ ಅಳತೆ ಮಾಡುವವರು) ಅದನ್ನು ಗಮನಿಸಿಯೇ ಗಮನಿಸುತ್ತಾರೆ. ಆದರೂ ಒಪ್ಪಿದೆ.

ಸಿಂಗಲ್ ಪ್ಲೇನ್
ಇಷ್ಟೆಲ್ಲ ಕಷ್ಟ ಯಾಕೆ? ನೇರ ಹೊಡೆತಕ್ಕೆ ಹೆಸರಾದ ಮೋ ನಾರ್ಮನ್ ದಾರಿ ಹಿಡಿಯಿರಿ. ಕಾಲು ಅಗಲ, ತೋಳು ಚಾಚಿ ಕ್ಲಬ್ಬಿನ ನೇರಕ್ಕೆ. ಇಂಪ್ಯಾಕ್ಟ್‌ನಲ್ಲಿ ಕೈ ಎಲ್ಲಿ ಬರಬೇಕೋ ನಿಲ್ಲುವಾಗಲೇ ಅಲ್ಲಿರುತ್ತದೆ. ಏಳಬೇಕಾದ ಅಗತ್ಯವೇ ಇಲ್ಲ. ಬ್ರೈಸನ್ ಡಿಶಾಂಬೋ ಎಲ್ಲಾ ಐರನ್ನೂ ಒಂದೇ ಉದ್ದ ಮಾಡಿಸಿಕೊಂಡು ಎಲ್ಲದಕ್ಕೂ ಒಂದೇ ಥರ ನಿಲ್ಲುತ್ತಾರೆ. 2020, 2024 ಎರಡು ಯುಎಸ್ ಓಪನ್ ಬಂದವು.

ನೆಲ ತಳ್ಳು
ನಾರ್ಮನ್ ಜೀವಮಾನವಿಡೀ ಹೊಡೆದ ಚೆಂಡಿಗೆ ಲೆಕ್ಕವಿಲ್ಲ. ನಿಲುವಿನಿಂದ ಮಾತ್ರ ಆ ನೇರ ಹೊಡೆತ ಬಂತು ಅನ್ನಬೇಡಿ.

ಏಳನೇ ಐರನ್
ಜಿಮ್ ಫ್ಯೂರಿಕ್ ಸ್ವಿಂಗ್ ಮೇಲೆ ಹೋಗುವ ದಾರಿ ಬೇರೆ, ಕೆಳಗೆ ಬರುವ ದಾರಿ ಬೇರೆ. 2016ರಲ್ಲಿ 58 ಹೊಡೆದರು. ಇಂಪ್ಯಾಕ್ಟ್ ಫೋಟೋ ನೋಡಿದರೆ ಎಲ್ಲರ ಹಾಗೇ, ಹಿಂಭಾಗ ಹಿಂದೆ, ಎದೆ ಕೆಳಗೆ. ಮೇಲಿನ ಅಲಂಕಾರ ಏನಾದರೂ ಇರಲಿ.

ಡ್ರಿಲ್‌ಗೆ ಬರೋಣ. ಹಿಂಭಾಗಕ್ಕೆ ಸ್ವಲ್ಪ ತಾಗುವಂತೆ ಒಂದು ಕುರ್ಚಿ ಇಡಿ, ಅಥವಾ ಗೋಡೆಗೆ ಬೆನ್ನು ಮಾಡಿ ನಿಲ್ಲಿ. ಕ್ಲಬ್ ಬೇಡ, ಕೈ ಎದೆ ಮೇಲೆ ಅಡ್ಡ ಇಟ್ಟುಕೊಳ್ಳಿ. ಬ್ಯಾಕ್‌ಸ್ವಿಂಗ್‌ಗೆ ತಿರುಗಿದಾಗ ಹಿಂದಿನ ಸೊಂಟ ತಾಗಬೇಕು. ಕೆಳಗೆ ಬರುವಾಗ ಕ್ಷಣಕಾಲ ಎರಡೂ ತಾಗಿ, ಆಮೇಲೆ ಮುಂದಿನದು ಮಾತ್ರ. ನಿಧಾನಕ್ಕೆ ಮಾಡಿ. ಆಮೇಲೆ ವೆಜ್ ಹಿಡಿದು ಅರ್ಧ ಸ್ವಿಂಗ್. ಡ್ರೈವರ್‌ಗೆ ಓಡಬೇಡಿ.

ನೆಲ ತಳ್ಳು
ಈ ಡ್ರಿಲ್‌ನಲ್ಲಿ ಒಂದು ತೊಂದರೆ. ಹಿಂಭಾಗವನ್ನು ಗೋಡೆಗೆ ಅಂಟಿಸಲು ಹೋಗಿ ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ, ತಿರುಗುವುದು ಮರೆತುಹೋಗುತ್ತದೆ. ಮುಂದಿನ ಪಾದವನ್ನು ಗುರಿಯ ಕಡೆ ಸ್ವಲ್ಪ ತೆರೆದು ಇಡಿ, ಸೊಂಟ ಸಲೀಸಾಗಿ ತಿರುಗುತ್ತದೆ. ಶುರುವಿನಲ್ಲೇ ಭಾರ ಬೆರಳ ತುದಿಗೆ ಬಿದ್ದಿದೆಯಾ ನೋಡಿಕೊಳ್ಳಿ. ಬೆರಳ ಮೇಲೆ ಭಾರ ಹಾಕಿ ನಿಂತವರು ಮುಗ್ಗರಿಸದಿರಲು ಏಳಲೇಬೇಕು. ಭಾರ ಪಾದದ ನಡುವೆ, ಶೂ ಲೇಸಿನ ಕೆಳಗೆ ಇರಲಿ.

ಎಡಗೈಯವಳು
ಇದು ನನಗೆ ಕೆಲಸ ಮಾಡಿದೆ. ಯಾವ ಡ್ರಿಲ್‌ಗಿಂತಲೂ ಜಾಸ್ತಿ.

ನಿವೃತ್ತ ಕ್ಯಾಡಿ
ಬೆನ್ನು ನೋವಿನ ಮಾತು ಬರಲಿಲ್ಲ. ಗಾಲ್ಫ್ ಆಡುವವರ ದೂರುಗಳಲ್ಲಿ ಕೆಳಬೆನ್ನು ಯಾವಾಗಲೂ ಮುಂದೆ. ಟೈಗರ್ ವುಡ್ಸ್‌ಗೆ 2017ರಲ್ಲಿ ಬೆನ್ನುಮೂಳೆಯ ಎರಡು ಎಲುಬು ಸೇರಿಸುವ ಶಸ್ತ್ರಚಿಕಿತ್ಸೆ ಆಯಿತು. 2019ರಲ್ಲಿ ಮಾಸ್ಟರ್ಸ್ ಗೆದ್ದರು ನಿಜ, ಆದರೆ ಆ ದಾರಿ ಎಲ್ಲರಿಗೂ ಇಲ್ಲ. ಬ್ಯಾಕ್‌ಸ್ವಿಂಗ್ ತುದಿಯಲ್ಲಿ ಮೇಲ್ಮೈ ಗುರಿಯ ಕಡೆ ವಾಲುತ್ತಿದ್ದರೆ ಮೊದಲು ಅದನ್ನು ಬಿಡಿಸಿ. ಚೆಂಡು ಎಲ್ಲಿ ಹೋಗುತ್ತದೆ ಅನ್ನುವುದು ಆಮೇಲೆ.

ಬೋಗಿ ಭಕ್ತ
ಅಲೈನ್‌ಮೆಂಟ್ ಕಡ್ಡಿಯನ್ನು (ಗುರಿ, ನಿಲುವು ಸರಿಮಾಡುವ ಅಭ್ಯಾಸದ ಕಡ್ಡಿ) ಬೆನ್ನಿಗೆ ಹಿಡಿದುಕೊಂಡು ಆಟದ ನಡುವೆ ಪ್ರಾಕ್ಟೀಸ್ ಸ್ವಿಂಗ್ ಮಾಡಬಹುದಾ?

ನಿವೃತ್ತ ಕ್ಯಾಡಿ
ಆಗುವುದಿಲ್ಲ. ಸುತ್ತು ನಡೆಯುವಾಗ ಅಲೈನ್‌ಮೆಂಟ್ ಕಡ್ಡಿ, ತೂಕದ ಬಳೆ ಇಂಥದ್ದನ್ನು ಬಳಸಿ ಪ್ರಾಕ್ಟೀಸ್ ಸ್ವಿಂಗ್ ಮಾಡುವುದು ನಿಯಮ 4.3ಕ್ಕೆ ವಿರುದ್ಧ. 2010ರಲ್ಲಿ ಜೂಲಿ ಇಂಕ್‌ಸ್ಟರ್ ಟೀ ಮೇಲೆ ಕಾಯುತ್ತಾ ಕ್ಲಬ್ಬಿಗೆ ತೂಕದ ಬಳೆ ಹಾಕಿ ಬೀಸಿದ್ದಕ್ಕೆ ಟೂರ್ನಿಯಿಂದಲೇ ಹೊರಬಿದ್ದರು. ಈಗ ಮೊದಲ ಸಲಕ್ಕೆ ಎರಡು ಸ್ಟ್ರೋಕ್ ದಂಡ, ಎರಡನೇ ಸಲಕ್ಕೆ ಹೊರಗೆ. ನಿಮ್ಮದೇ ಕ್ಲಬ್ ಬೆನ್ನಿಗೆ ಹಿಡಿದು ಮೈ ಸಡಿಲ ಮಾಡಿಕೊಳ್ಳಿ, ಯಾರೂ ಕೇಳುವುದಿಲ್ಲ.

ಹಳೇ ಪರ್ಸಿಮನ್
ಪೋಶ್ಚರ್ ಮತ್ತು ನಿಯಮ ಅಂದರೆ ಕ್ರೇಗ್ ಸ್ಟ್ಯಾಡ್ಲರ್ ನೆನಪಾಗುತ್ತಾರೆ. 1987ರಲ್ಲಿ ಟೋರಿ ಪೈನ್ಸ್ ಕೋರ್ಸಿನ ಟೂರ್ನಿಯಲ್ಲಿ ಅವರ ಚೆಂಡು ಮರದ ಕೆಳಗೆ ಹೋಯಿತು. ಮಂಡಿಯೂರಿ ಹೊಡೆಯಬೇಕಿತ್ತು. ಪ್ಯಾಂಟ್ ಕೊಳೆಯಾಗಬಾರದು ಅಂತ ಟವೆಲ್ ಹಾಸಿ ಅದರ ಮೇಲೆ ಮಂಡಿಯೂರಿದರು. ಟಿವಿ ನೋಡುತ್ತಿದ್ದವರು ಮರುದಿನ ಫೋನ್ ಮಾಡಿದರು. ಟವೆಲ್ ಹಾಸುವುದು ನಿಲುವು ಕಟ್ಟಿದಂತೆ, ಎರಡು ಸ್ಟ್ರೋಕ್ ದಂಡ. ಅಷ್ಟರಲ್ಲಿ ಅವರು ಆ ದಂಡ ಸೇರಿಸದ ಸ್ಕೋರ್ ಕಾರ್ಡಿಗೆ ಸಹಿ ಹಾಕಿಯಾಗಿತ್ತು. ಹಾಗಾಗಿ ಟೂರ್ನಿಯಿಂದಲೇ ಹೊರಗೆ.

ಬೋಗಿ ಭಕ್ತ
ಪಾಪ! ಟವೆಲ್‌ಗೆ?

ಹಳೇ ಪರ್ಸಿಮನ್
1995ರಲ್ಲಿ ಆ ಮರಕ್ಕೆ ರೋಗ ಬಂದಾಗ ಕಡಿಯಲು ಅವರನ್ನೇ ಕರೆದರು. ಖುಷಿಯಿಂದ ಗರಗಸ ಹಿಡಿದು ಬಂದರು.

ಕ್ಯಾಮೆರಾ ಕಣ್ಣು
ಈಗಾಗಿದ್ದರೆ ಹೊರಬೀಳುತ್ತಿರಲಿಲ್ಲ. ದಂಡ ಇದೆ ಅಂತ ಗೊತ್ತಿಲ್ಲದೆ ಸಹಿ ಹಾಕಿದ್ದರೆ ಆ ಸ್ಟ್ರೋಕ್ ಮಾತ್ರ ಸೇರುತ್ತದೆ. ದೊಡ್ಡ ಟೂರ್‌ಗಳು 2018ರಿಂದ ಟಿವಿ ನೋಡುವವರ ಫೋನನ್ನೂ ತೆಗೆದುಕೊಳ್ಳುವುದಿಲ್ಲ.

ಬೋಗಿ ಭಕ್ತ
ಹಾಗಾದರೆ ಮರದ ಕೆಳಗೆ ಪ್ಯಾಂಟ್ ಉಳಿಸಿಕೊಳ್ಳಲು ದಾರಿ ಏನು? ಇದು ನನಗೆ ಅರ್ಲಿ ಎಕ್ಸ್‌ಟೆನ್ಷನ್‌ಗಿಂತ ಉಪಯೋಗದ ವಿಷಯ. ನನ್ನ ಚೆಂಡು ಇರುವುದೇ ಮರಗಳ ಕೆಳಗೆ.

ನಿವೃತ್ತ ಕ್ಯಾಡಿ
ಮಳೆ ಪ್ಯಾಂಟ್ ಮೇಲಿಂದ ಹಾಕಿಕೊಂಡು ಮಂಡಿಯೂರಿ. ಅದಕ್ಕೆ ದಂಡವಿಲ್ಲ.